ನಳಿಗೆಯ ಮೇಲಿನ ಎರಡು ಅಂಕಿ

ಒತ್ತಡವನ್ನು ಕಣ್ಣಾರೆ ಕಂಡವರು ಯಾರೂ ಇಲ್ಲ. ಪೀಣ್ಯ ಎರಡನೇ ಹಂತದ ಸಣ್ಣದೊಂದು ಕ್ಯಾಲಿಬ್ರೇಷನ್ ಲ್ಯಾಬಿನಲ್ಲಿ 18 ವರ್ಷದಿಂದ ಪ್ರೆಷರ್ ಗೇಜುಗಳನ್ನು ಪರೀಕ್ಷಿಸುತ್ತಿರುವ ನಾನೂ ಕಂಡಿಲ್ಲ. ನಾನು ನೋಡುವುದು ಗೇಜಿನ ಮುಳ್ಳನ್ನು, ಅದು ನಿಂತ ಗೀಟನ್ನು. ನನ್ನ ಮೇಜಿನ ಮೇಲೆ ಎಣ್ಣೆ ತುಂಬಿದ ಒಂದು ಸಿಲಿಂಡರ್ ಇದೆ. ಅದರೊಳಗೆ ಸಂದೇ ಇಲ್ಲವೆನ್ನುವಷ್ಟು ಬಿಗಿಯಾಗಿ ಕೂರುವ ಪಿಸ್ಟನ್, ಪಿಸ್ಟನ್ ಮೇಲೆ ತೂಕದ ಬಿಲ್ಲೆಗಳು. ಬಿಲ್ಲೆಯ ತೂಕ ಗೊತ್ತು, ಪಿಸ್ಟನ್ನಿನ ವಿಸ್ತೀರ್ಣ ಗೊತ್ತು. ಒಂದನ್ನು ಇನ್ನೊಂದರಿಂದ ಭಾಗಿಸಿದರೆ ಒತ್ತಡ ಎಷ್ಟೆಂದು ಸಿಗುತ್ತದೆ. ಈ ಪೇಟೆಯ ನೂರಾರು ಶೆಡ್ಡುಗಳ ಹೈಡ್ರಾಲಿಕ್ ಪ್ರೆಸ್ಸುಗಳು, ಬಾಯ್ಲರುಗಳು, ಗ್ಯಾಸ್ ಲೈನುಗಳೆಲ್ಲ ಇಂಥ ಭಾಗಾಕಾರದ ಮೇಲೆ ನಂಬಿಕೆಯಿಟ್ಟು ನಡೆಯುತ್ತಿವೆ.

ಅಂದಾಜಿಗೆ ಹೇಳುತ್ತೇನೆ. ಮನೆಯ ಕುಕ್ಕರು ಕೂಗುವಾಗ ಒಳಗಿರುವ ಒತ್ತಡ ಹೊರಗಿನದಕ್ಕಿಂತ ಸುಮಾರು 1 ಬಾರ್ ಹೆಚ್ಚು. ನಮ್ಮ ಪಕ್ಕದ ಶೆಡ್ಡಿನಲ್ಲಿ ತಗಡು ಬಗ್ಗಿಸುವ ಪ್ರೆಸ್ಸಿನದು 200 ಬಾರ್. ನನ್ನ ಮೇಜಿನ ಮಿತಿ 700. ಹಳೆಯ ಮಿಲಿಟರಿ ರೈಫಲೊಂದರಲ್ಲಿ ಗುಂಡು ಹಾರುವಾಗ, ಸೆಕೆಂಡಿನ ಸಾವಿರದಲ್ಲೊಂದು ಪಾಲಿನಷ್ಟು ಹೊತ್ತು, ಅದರ ಹೊಟ್ಟೆಯಲ್ಲಿ ಹುಟ್ಟುವುದು 3,000 ಬಾರಿಗೂ ಮೇಲೆ. ಅದೂ ಕೆನ್ನೆಯಿಂದ ಒಂದು ಗೇಣು ದೂರದಲ್ಲಿ. ಕುಕ್ಕರಿಗೆ ಕೂಗು ಇದೆ, ಸೇಫ್ಟಿ ವಾಲ್ವ್ ಇದೆ. ಕೋವಿಗೆ ಮುಳ್ಳೂ ಇಲ್ಲ, ವಾಲ್ವೂ ಇಲ್ಲ. ಹೊರಗೆ ಬಂದು ಬೀಳುವ ಖಾಲಿ ತೋಟೆ ಮಾತ್ರ ಇದೆ. ಒಳಗೆ ಏನು ನಡೆಯಿತು ಎಂಬುದನ್ನು ಆ ಹಿತ್ತಾಳೆಯ ಮೇಲೆ ಉಳಿದ ಗುರುತು ನೋಡಿಯೇ ತಿಳಿಯಬೇಕು.

ಹೋದ ವರ್ಷ ಜುಲೈಯಲ್ಲಿ ಹಾಗೆ ತಿಳಿಯುವ ಕೆಲಸ ನನ್ನ ಪಾಲಿಗೆ ಬಂತು. ತಂದವರು ನಮ್ಮ ಭಾವ.

ಭಾವನವರದು ಕೊಪ್ಪದ ಕಡೆ. ಅವರ ಅಜ್ಜನ ಮನೆಯಲ್ಲಿ ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದ ಒಂದು ಕೇಪಿನ ಕೋವಿ ಇತ್ತು. ಬಾಯಿಂದ ಮದ್ದು ಸುರಿದು, ತೆಂಗಿನ ನಾರು ತುರುಕಿ, ಗಜದಿಂದ ಜಡಿದು, ಮೇಲೆ ಚರೆ ಹಾಕುವ ಜಾತಿಯದು. ಚುನಾವಣೆ ಬಂದಾಗಲೆಲ್ಲ ಅದನ್ನು ಗೋಣಿಯಲ್ಲಿ ಸುತ್ತಿ ಪೊಲೀಸ್ ಠಾಣೆಗೆ ಕೊಟ್ಟು ಬರುವುದು, ಎಣಿಕೆ ಮುಗಿದ ಮೇಲೆ ತರುವುದು ಹುಡುಗನಾಗಿದ್ದ ಭಾವನ ಕೆಲಸ. ಮುಂದೆ ಅವರು ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲವು ವರ್ಷ ದುಡಿದು, ಅಕ್ಕನನ್ನು ಮದುವೆಯಾಗಿ, 2009ರಲ್ಲಿ ಅಮೆರಿಕಕ್ಕೆ ಹೋದರು. ಈಗ ಪೆನ್ಸಿಲ್ವೇನಿಯಾದಲ್ಲಿದ್ದಾರೆ. ಅಲ್ಲಿ ಹಳೆ ಕೋವಿಗಳ ಅಂಗಡಿಯೊಂದರಲ್ಲಿ ಅವರಿಗೆ ಒಂದು ತ್ರೀ ನಾಟ್ ತ್ರೀ ಕಣ್ಣಿಗೆ ಬಿತ್ತು. ಬೋಲ್ಟಿನ ಹಿಡಿಯ ಕೆಳಗೆ ಕಿರೀಟದ ಗುರುತು, ಅದರಡಿ ಜಿಆರ್‌ಐ ಎಂಬ ಮೂರು ಅಕ್ಷರ, ಅದರಡಿ ಇಷಾಪುರ್, 1942. ಕಲ್ಕತ್ತಾದ ಹತ್ತಿರದ ಕಾರ್ಖಾನೆಯಲ್ಲಿ, ನಮ್ಮದೇ ದೇಶದ ಕೂಲಿಗಳ ಕೈಯಲ್ಲಿ ತಯಾರಾದ ಲೀ ಎನ್‌ಫೀಲ್ಡ್. ‘ನಾನೂ ಅದೂ ಇಬ್ಬರೂ ಅಲ್ಲಿಂದ ಇಲ್ಲಿಗೆ ಬಂದೋರು ಮಾರಾಯ, ಬಿಟ್ಟು ಬರೋಕೆ ಮನಸ್ಸಾಗ್ಲಿಲ್ಲ’ ಅಂದಿದ್ದರು.

ನಮ್ಮ ತಲೆಮಾರಿನ ಓದುವ ಹುಡುಗರಿಗೆ ಕೋವಿ ಎಂಬುದು ಪುಸ್ತಕದಿಂದ ಬಂದ ವಸ್ತು. ತೇಜಸ್ವಿ ಕನ್ನಡಕ್ಕೆ ತಂದ ಕೆನೆತ್ ಆಂಡರ್ಸನ್ನರ ಕಾಡಿನ ಕತೆಗಳನ್ನು ನಾನೂ ಭಾವನೂ ಬೇರೆ ಬೇರೆ ಊರುಗಳಲ್ಲಿ, ಒಂದೇ ವಯಸ್ಸಿನಲ್ಲಿ ಓದಿದ್ದೆವು. ‘ಜಾಲಹಳ್ಳಿಯ ಕುರ್ಕ’ದ ಜಾಲಹಳ್ಳಿ ನನ್ನ ಲ್ಯಾಬಿನಿಂದ ಆಟೋದಲ್ಲಿ ಹೋಗುವಷ್ಟು ದೂರ. ಚಿರತೆ ಅಡಗಿದ್ದ ಆ ಸೀಮೆಯಲ್ಲಿ ಈಗ ಮೆಟ್ರೋ ನಿಲ್ಲುತ್ತದೆ. ಆಂಡರ್ಸನ್ನರ ಕೈಯಲ್ಲಿದ್ದದ್ದು .405 ವಿಂಚೆಸ್ಟರ್, 1895ರ ಮಾದರಿ. ಹುಡುಗರಾಗಿದ್ದಾಗ ನಾವು ಆ ಅಂಕಿಯನ್ನು ಮಂತ್ರದಂತೆ ಹೇಳುತ್ತಿದ್ದೆವು, ಅದರ ಅರ್ಥವೇನೆಂದು ಕೇಳಿರಲಿಲ್ಲ. ಅದು ನಳಿಗೆಯ ಅಳತೆ, ಇಂಚಿನ ಸಾವಿರದಲ್ಲಿ 405 ಪಾಲು ಎಂಬುದು ನನಗೆ ತಿಳಿದದ್ದು ಮೈಕ್ರೋಮೀಟರ್ ಹಿಡಿಯುವ ಕೆಲಸಕ್ಕೆ ಸೇರಿದ ಮೇಲೆ.

ಇಲ್ಲೇ ಒಂದು ಮಾತು ಹೇಳಿಬಿಡಬೇಕು. ಪರವಾನಗಿ ಇಲ್ಲದೆ ತೋಟೆ ತಯಾರಿಸುವುದು ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಅಪರಾಧ. ಸೇನೆಯ ತೋಟೆ ಹಿಡಿಸುವ ತ್ರೀ ನಾಟ್ ತ್ರೀಯಂಥ ರೈಫಲ್ ಸಾಮಾನ್ಯ ಪರವಾನಗಿಗೆ ಸಿಗುವುದೂ ಇಲ್ಲ. ಅದಕ್ಕೇ ಇಷಾಪುರದವರು ನಾಗರಿಕರಿಗೆಂದು ಬೇರೆ ಅಳತೆಯ .315 ಮಾಡಿಕೊಂಡು ಬಂದಿದ್ದಾರೆ. ಹಾಗಾಗಿ ಈ ಬರಹದಲ್ಲಿ ಬರುವ ಮದ್ದು ತುಂಬುವ ಕೆಲಸವೆಲ್ಲ ನಡೆದದ್ದು ಅದಕ್ಕೆ ಅವಕಾಶವಿರುವ ಅಮೆರಿಕದಲ್ಲಿ, ಭಾವನ ಗ್ಯಾರೇಜಿನಲ್ಲಿ. ಪೀಣ್ಯದಿಂದ ಹೋದದ್ದು ನನ್ನ ಪ್ರಶ್ನೆಗಳು ಮಾತ್ರ.

ಹಳೆಯ ರೈಫಲ್ ಇಟ್ಟುಕೊಂಡವರು ಅಲ್ಲಿ ತಾವೇ ತೋಟೆ ತುಂಬಿಕೊಳ್ಳುವುದು ಸಾಮಾನ್ಯ. ಅಂಗಡಿಯಲ್ಲಿ ಆ ತೋಟೆ ಸಿಗುವುದು ಕಡಿಮೆ, ಸಿಕ್ಕರೂ ದುಬಾರಿ. ಹೊಡೆದ ತೋಟೆಯ ಹಿತ್ತಾಳೆ ಕೊಳವೆಯನ್ನು ತೊಳೆದು, ಅಚ್ಚಿನಲ್ಲಿ ಒತ್ತಿ ಮೊದಲಿನ ಆಕಾರಕ್ಕೆ ತಂದು, ಹಿಂಬದಿಗೆ ಹೊಸ ಪ್ರೈಮರ್ ಕೂರಿಸಿ, ಮದ್ದು ತೂಗಿ ಹಾಕಿ, ಬಾಯಿಗೆ ಗುಂಡು ಸಿಕ್ಕಿಸಬೇಕು. ಎಷ್ಟು ಮದ್ದು ಎಂಬುದಕ್ಕೆ ಅಚ್ಚಾದ ಕೈಪಿಡಿಗಳಿವೆ. ಭಾವನಿಗೆ ಇದು ಅಡಿಕೆ ಸುಲಿಯುವಂಥ ಕೆಲಸ. ಚಳಿಗಾಲದ ರಾತ್ರಿಗಳಲ್ಲಿ ರೇಡಿಯೋದಂತೆ ಏನನ್ನಾದರೂ ಹಚ್ಚಿಟ್ಟುಕೊಂಡು ಒಂದೊಂದಾಗಿ ತುಂಬುತ್ತಾರೆ.

ಆ ದಿನ ನನಗೆ ಬೆಳಿಗ್ಗೆ ಆರೂವರೆ, ಅವರಿಗೆ ರಾತ್ರಿ ಒಂಬತ್ತು. ವಿಡಿಯೋದಲ್ಲಿ ಅವರ ಬಲ ಅಂಗೈ ಕಂಡಿತು. ನಡುವೆ ಕೆಂಪಗೆ ಕಂದಿತ್ತು.

‘ಬೋಲ್ಟು ಏಳ್ತಾ ಇಲ್ಲ ಮಾರಾಯ. ಹೊಡೆದಾದ ಮೇಲೆ ಅಂಗೈಲಿ ಗುದ್ದಿ ಎಬ್ಬಿಸ್ಬೇಕು. ಪ್ರೈಮರ್ ನೋಡು, ಚಪ್ಪಟೆ ಆಗಿದೆ. ಒಂದೆರಡು ತೋಟೆ ಬುಡದಲ್ಲಿ ಉಂಗುರದ ಥರ ಹೊಳೀತದೆ. ಪ್ರೆಷರ್ ಜಾಸ್ತಿ ಆಗಿದೆ ಅಂತ ಮದ್ದು ಇಳಿಸ್ದೆ. ಆದ್ರೂ ಹಾಗೇ.’

‘ಎಷ್ಟು ಹೊಡೆದ್ರಿ ಭಾವ?’

‘ಹತ್ತು.’

‘ಹತ್ತಕ್ಕೆ ಹತ್ತೂ ಹಾಗೇನಾ?’

‘ಇಲ್ಲ, ನಾಲ್ಕು. ಆ ನಾಲ್ಕನ್ನ ಬೇರೆ ಕವರಿಗೆ ಹಾಕಿಟ್ಟಿದೀನಿ.’

ಆ ಕವರು ಆಮೇಲೆ ತುಂಬಾ ಉಪಯೋಗಕ್ಕೆ ಬಂತು. ಕೆಟ್ಟದ್ದನ್ನು ಒಳ್ಳೆಯದರ ಜೊತೆ ಬೆರೆಸದೆ ಎತ್ತಿಡುವ ಅಭ್ಯಾಸ ಇಲ್ಲಿ ಎಷ್ಟೋ ಕಾರ್ಖಾನೆಗಳಲ್ಲಿ ಬೋರ್ಡು ಹಾಕಿ ಹೇಳಿದರೂ ಬರುವುದಿಲ್ಲ.

ಅಷ್ಟರಲ್ಲಿ ಅಕ್ಕ ಪರದೆಯ ಅಂಚಿಗೆ ಬಂದಳು. ‘ನೀನೇ ಹೇಳು ಇವರಿಗೆ. ಬರೋ ಶನಿವಾರ ಮಗನ್ನೂ ಕರ್ಕೊಂಡು ಹೋಗ್ತಾರಂತೆ, ಅವನ ಕೈಲೂ ಹೊಡೆಸ್ತಾರಂತೆ. ಅದರ ಹಿಂದೆ ಅವನ ಮುಖ ಇರ್ತದೆ, ಅಲ್ವಾ?’ ಅಳಿಯನಿಗೆ 15 ವರ್ಷ. ಅಪ್ಪನ ಊರಿನಿಂದ ಬಂದ ಕೋವಿ ಎಂದು ಅವನಿಗೆ ಅದರ ಮೇಲೆ ಒಂದು ಹೆಮ್ಮೆ. ಅಕ್ಕನ ಪ್ರಶ್ನೆಗೆ ಹೌದು ಎನ್ನದೆ ಬೇರೆ ಉತ್ತರವಿರಲಿಲ್ಲ.

‘ಭಾವ, ಶನಿವಾರದ್ದು ಬಿಡಿ. ಕಾರಣ ತಿಳಿಯೋ ತನಕ ತುಂಬಿಟ್ಟ ತೋಟೇಲಿ ಒಂದನ್ನೂ ಹೊಡೀಬೇಡಿ’ ಅಂದೆ. ಅವರಿಗೆ ಅಸಮಾಧಾನವಾಯಿತು. ಮದ್ದು ಇನ್ನೂ ಸ್ವಲ್ಪ ಇಳಿಸಿದರೆ ಸಾಕು ಎಂದು ನನ್ನ ಬಾಯಲ್ಲಿ ಹೇಳಿಸುವುದು ಅವರ ಆಸೆಯಾಗಿತ್ತು.

ನನಗೆ ತಡೆಯಾಗಿ ನಿಂತದ್ದು ಆ ಒಂದು ಮಾತು: ಮದ್ದು ಇಳಿಸಿದರೂ ಹಾಗೇ. ಜ್ವರಕ್ಕೆ ಕೊಟ್ಟ ಮಾತ್ರೆ ಕೆಲಸ ಮಾಡದಿದ್ದರೆ ಮಾತ್ರೆ ಹೆಚ್ಚಿಸುವ ಮೊದಲು ಕಾಯಿಲೆ ಅದೇ ಹೌದೇ ಎಂದು ನೋಡಬೇಕು. ಮದ್ದೊಂದೇ ಕಾರಣವಾಗಿದ್ದರೆ ಒಂದೇ ತೂಕ ಹಾಕಿದ ಹತ್ತೂ ತೋಟೆ ಹೆಚ್ಚೂಕಡಿಮೆ ಒಂದೇ ರೀತಿ ನಡೆದುಕೊಳ್ಳಬೇಕಿತ್ತು. ಆರು ಸುಮ್ಮನಿದ್ದು ನಾಲ್ಕು ಕಚ್ಚಿಕೊಂಡವು ಎಂದರೆ ತೋಟೆಯಿಂದ ತೋಟೆಗೆ ಬೇರೆಯಾಗುವ ಏನೋ ಒಂದು ಒಳಗಿದೆ.

ತೋಟೆಯೊಳಗೆ ಆಗುವುದೇನು ಎಂಬುದನ್ನು ತಿಳಿದರೆ ಮುಂದಿನದು ಸುಲಭ. ಪ್ರೈಮರಿಗೆ ಸೂಜಿ ಬಡಿದು ಮದ್ದು ಹತ್ತಿಕೊಳ್ಳುತ್ತದೆ, ಅನಿಲ ಹಿಗ್ಗುತ್ತದೆ. ಹಿತ್ತಾಳೆ ಮೆದು ಲೋಹ. ಅದು ಉಬ್ಬಿ ಚೇಂಬರಿನ ಉಕ್ಕಿನ ಗೋಡೆಗೆ ಅಂಟಿಕೊಂಡು ಅನಿಲ ಹಿಂದಕ್ಕೆ ನುಗ್ಗದಂತೆ ಮುಚ್ಚಳ ಹಾಕುತ್ತದೆ. ಗುಂಡು ಹೊರಟುಹೋದ ಮೇಲೆ ಒತ್ತಡ ಇಳಿಯುತ್ತದೆ, ಹಿತ್ತಾಳೆ ಒಂದಿಷ್ಟು ಕುಗ್ಗಿ ಗೋಡೆ ಬಿಡುತ್ತದೆ, ಬೋಲ್ಟು ಸಲೀಸಾಗಿ ಏಳುತ್ತದೆ. ಒತ್ತಡ ಮಿತಿ ಮೀರಿದರೆ ಹಿತ್ತಾಳೆ ವಾಪಸ್ ಬರಲಾರದಷ್ಟು ಹಿಗ್ಗುತ್ತದೆ. ಆಗ ಬೋಲ್ಟು ಗಟ್ಟಿ. ಗುಂಡಿನ ದಾರಿಯಲ್ಲಿ ಏನೇ ತಡೆ ಇದ್ದರೂ, ಅದು ಹೊರಡುವುದು ಕ್ಷಣದ ಯಾವುದೋ ಪಾಲಿನಷ್ಟು ತಡವಾದರೂ, ಅನಿಲಕ್ಕೆ ಹಿಗ್ಗಲು ಜಾಗ ಸಾಲದೆ ಒತ್ತಡ ಏರುತ್ತದೆ.

ನಾನು ಒಂದು ಹಾಳೆ ತೆಗೆದುಕೊಂಡೆ. ಏಪ್ರಿಲಿನಲ್ಲಿ ಇದೇ ರೈಫಲ್, ಇದೇ ಕೈಪಿಡಿ, ಇದೇ ಮದ್ದು ಸರಿ ಇತ್ತು. ಜುಲೈಯಲ್ಲಿ ಸರಿ ಇಲ್ಲ. ನಡುವೆ ಏನೇನು ಬದಲಾಯಿತು? ಭಾವ ಒಂದೊಂದಾಗಿ ಹೇಳಿದರು. ಪ್ರೈಮರಿನ ಹೊಸ ಡಬ್ಬ. ಮಧ್ಯಾಹ್ನದ ಬಿಸಿಲು. ತೋಟೆಗಳು ಇದ್ದದ್ದು ಕಾರಿನ ಡಿಕ್ಕಿಯಲ್ಲಿ. ಹಿತ್ತಾಳೆ ಕೊಳವೆಗಳು ಇದರೊಂದಿಗೆ ಐದನೇ ಸಲ ತುಂಬಿದವು. ಡಬ್ಬದಲ್ಲಿ ಎರಡು ಮೂರು ಕಂಪನಿಯ ಕೊಳವೆಗಳು ಬೆರೆತಿದ್ದವು. ಗುಂಡು ಮಾತ್ರ ಅದೇ ಡಬ್ಬದ್ದು.

ಐದು ಬದಲಾವಣೆ ಒಟ್ಟಿಗೆ. ಯಂತ್ರ ಕೆಟ್ಟಾಗ ಒಂದು ಸಲಕ್ಕೆ ಒಂದೇ ತಿರುಪು ತಿರುಗಿಸು ಎಂದು ನಮ್ಮ ಹಳೆಯ ಫೋರ್‌ಮನ್ನರು ಹೇಳುತ್ತಿದ್ದರು. ಎರಡು ತಿರುಗಿಸಿ ಸರಿಹೋದರೆ ಯಾವುದರಿಂದ ಸರಿಹೋಯಿತು ಎಂದು ತಿಳಿಯದೆ, ಮುಂದಿನ ಸಲ ಮತ್ತೆ ಮೊದಲಿನಿಂದ ಹುಡುಕಬೇಕು. ಹೊಡೆಯದೆಯೇ ನೋಡಬಹುದಾದದ್ದನ್ನು ಮೊದಲು ನೋಡೋಣ ಎಂದೆ. ತಕ್ಕಡಿಯ ಮೇಲೆ ಗೊತ್ತಿರುವ ತೂಕದ ಬಿಲ್ಲೆ ಇಡಿಸಿದೆ, ಸರಿ ತೋರಿಸಿತು. ಗುಂಡಿನ ದಪ್ಪ ಅಳೆಸಿದೆ, ವ್ಯತ್ಯಾಸವಿಲ್ಲ. ಚೇಂಬರಿನಲ್ಲಿ ಎಣ್ಣೆ ಉಳಿದಿದೆಯೇ ಎಂದು ಬಟ್ಟೆ ಸುತ್ತಿ ಒರೆಸಿ ನೋಡಲು ಹೇಳಿದೆ. ಎಣ್ಣೆಯಿದ್ದರೆ ಹಿತ್ತಾಳೆ ಗೋಡೆ ಹಿಡಿಯದೆ ಜಾರಿ, ಇಡೀ ನೂಕು ಬೋಲ್ಟಿನ ಮೇಲೆ ಬೀಳುತ್ತದೆ. ಬಟ್ಟೆ ಒಣಗಿಯೇ ಹೊರಬಂತು. ನಳಿಗೆಯ ಒಳಗೆ ಬೆಳಕು ಹಾಯಿಸಿದರು, ತಡೆ ಏನೂ ಕಾಣಲಿಲ್ಲ.

ಅಷ್ಟು ಹೊತ್ತಿಗೆ ಭಾವನನ್ನು ಬೇರೆ ಒಂದು ವಿಷಯ ಕೊರೆಯುತ್ತಿತ್ತು. ರೈಫಲ್ ಇಷಾಪುರದಿಂದ ನೇರವಾಗಿ ಅಮೆರಿಕಕ್ಕೆ ಹೋದದ್ದಲ್ಲ, ನಡುವೆ ಇಂಗ್ಲೆಂಡಿನಲ್ಲಿ ಮಾರಾಟವಾಗಿತ್ತು. ಅಲ್ಲಿ ಕೋವಿ ಮಾರಬೇಕೆಂದರೆ ಪ್ರೂಫ್ ಹೌಸಿನಲ್ಲಿ ಪರೀಕ್ಷೆಯಾಗಿ ಮುದ್ರೆ ಬೀಳಬೇಕು. ಬರ್ಮಿಂಗ್‌ಹ್ಯಾಮಿನ ಪ್ರೂಫ್ ಹೌಸ್ 1813ರಿಂದ ಈ ಕೆಲಸ ಮಾಡುತ್ತಿದೆ. ಭಾವನ ರೈಫಲಿನ ನಳಿಗೆಯ ಮೇಲೆ ಅವರ ಮುದ್ರೆ ಇತ್ತು, ಪಕ್ಕದಲ್ಲಿ ಚದರ ಇಂಚಿಗೆ 18.5 ಟನ್ ಎಂದು ಕೊರೆದಿತ್ತು. ಭಾವ ಗುಣಾಕಾರ ಮಾಡಿದ್ದರು. ಬ್ರಿಟಿಷ್ ಟನ್ನಿಗೆ 2,240 ಪೌಂಡು. 18.5ರಿಂದ ಗುಣಿಸಿದರೆ 41,440 ಪಿಎಸ್‌ಐ. ಅವರ ಅಮೆರಿಕನ್ ಕೈಪಿಡಿಯಲ್ಲಿ ಇದೇ ತೋಟೆಗೆ ಮಿತಿ 49,000 ಪಿಎಸ್‌ಐ. ‘ಅಂದ್ರೆ ಪುಸ್ತಕದ ಲೆಕ್ಕದಲ್ಲಿ ತುಂಬಿದ್ರೆ ಈ ಮುದುಕ ತಡೀಲಾರ ಅಂತಾಯ್ತಲ್ಲ? ಇಷ್ಟು ದಿನ ನಾನು ಬಾಂಬು ಹೊಡೀತಿದ್ನಾ?’

ಇದು ನನ್ನ ಕಸುಬಿನ ಪ್ರಶ್ನೆ. ಒಂದು ಅಂಕಿಯನ್ನು ಇನ್ನೊಂದರ ಪಕ್ಕ ಇಡುವ ಮೊದಲು ಅವೆರಡನ್ನೂ ಯಾರು, ಯಾವುದರಿಂದ, ಎಲ್ಲಿ ಅಳೆದರು ಎಂದು ಕೇಳಬೇಕು. 19ನೇ ಶತಮಾನದ ನಡುವಿನಿಂದ ಕೋವಿಯ ಒತ್ತಡ ಅಳೆಯುತ್ತಿದ್ದದ್ದು ತಾಮ್ರದ ತುಂಡಿನಿಂದ. ಅನಿಲ ಒಂದು ಪಿಸ್ಟನ್ನನ್ನು ನೂಕುತ್ತದೆ, ಪಿಸ್ಟನ್ ಸಣ್ಣ ತಾಮ್ರದ ಸಿಲಿಂಡರನ್ನು ಜಜ್ಜುತ್ತದೆ. ಎಷ್ಟು ಕುಗ್ಗಿತು ಎಂದು ಅಳೆದು, ಕೋಷ್ಟಕ ನೋಡಿ ಒತ್ತಡ ಬರೆಯುತ್ತಾರೆ. ತಾಮ್ರ ಜಜ್ಜಿಕೊಳ್ಳಲು ಸಮಯ ಬೇಕು. ಒತ್ತಡದ ತುತ್ತತುದಿ ಅಷ್ಟು ಹೊತ್ತು ನಿಲ್ಲುವುದಿಲ್ಲ. ಹಾಗಾಗಿ ತಾಮ್ರ ಹೇಳುವ ಅಂಕಿ ನಿಜವಾದ ತುದಿಗಿಂತ ಸಾಮಾನ್ಯವಾಗಿ ಕಡಿಮೆ. ಅದರಲ್ಲೂ ಬ್ರಿಟಿಷರು ತಾಮ್ರವನ್ನು ತೋಟೆಯ ಬುಡದ ಹಿಂದೆ ಇಡುತ್ತಿದ್ದರು, ಅಮೆರಿಕದವರು ಚೇಂಬರಿನ ಪಕ್ಕಕ್ಕೆ ತೂತು ಕೊರೆದು ಇಡುತ್ತಿದ್ದರು. ಈಗ ಪೀಜೋ ಸೆನ್ಸರ್ ಬಂದಿದೆ. ಒತ್ತಿದರೆ ವಿದ್ಯುತ್ ಹುಟ್ಟಿಸುವ ಹರಳು ಅದು. 1880ರಲ್ಲಿ ಕ್ಯೂರಿ ಸಹೋದರರು ಕಂಡ ಗುಣ. ತುದಿಯನ್ನು ಅದು ಸರಿಯಾಗಿ ಹಿಡಿಯುತ್ತದೆ. ಇದೇ ತ್ರೀ ನಾಟ್ ತ್ರೀಗೆ ಅಮೆರಿಕದವರ ತಾಮ್ರದ ಅಳತೆಯ ಮಿತಿ 45,000, ಹರಳಿನ ಅಳತೆಯ ಮಿತಿ 49,000. ತೋಟೆ ಒಂದೇ, ಅಳೆಯುವ ಸಾಧನ ಬೇರೆ. ಭಾವನ 41,440 ಮೂರನೆಯ ಸಾಧನದ ಅಂಕಿ. ಈ ಮೂರನ್ನೂ ಸಾಲಾಗಿಟ್ಟು ಕಳೆಯಲು ಬರುವುದಿಲ್ಲ. ಮೊಳವನ್ನು ಮೀಟರಿನಿಂದ ಕಳೆದಂತೆ ಆಗುತ್ತದೆ.

‘ಹಾಗಾದ್ರೆ 18.5ಕ್ಕೆ ಹೆದರೋದು ಬೇಡ್ವಾ?’

‘ಪುಸ್ತಕದ ಮಿತಿಯ ಹತ್ತಿರ ಹೋಗೋದು ಹೇಗೂ ಬೇಡ, 80 ವರ್ಷದ ರೈಫಲ್ ಅದು. ಆದರೆ ನಿಮ್ಮ ಈಗಿನ ತೊಂದರೆ ಆ ಅಂಕಿಯಿಂದ ಬಂದದ್ದಲ್ಲ ಭಾವ. ಮುದ್ರೆ ಹತ್ತಿರ ಇನ್ನೇನಾದ್ರೂ ಕೊರೆದಿದೆಯಾ? ಕ್ಯಾಮೆರಾ ಅಲ್ಲಿಗೆ ಹಿಡೀರಿ.’

ಹಿಡಿದರು. ಮಸಿ ಹಿಡಿದ ಉಕ್ಕಿನ ಮೇಲೆ ಮೊದಲು .303 ಎಂದಿತ್ತು, ಆಮೇಲೆ 2.222 ಇಂಚು ಎಂದಿತ್ತು, ಆಮೇಲೆ ಟನ್ನಿನ ಮಾತು. ನಡುವಿನ ಅಂಕಿಯನ್ನು ಭಾವ ವರ್ಷಗಳಿಂದ ನೋಡಿದ್ದರು. ಏನೋ ಮಾದರಿ ಸಂಖ್ಯೆ ಇರಬೇಕು ಎಂದುಕೊಂಡಿದ್ದರಂತೆ.

ಅದು ತೋಟೆಯ ಹಿತ್ತಾಳೆ ಕೊಳವೆಯ ಉದ್ದ. ಈ ಚೇಂಬರು ಇಷ್ಟು ಉದ್ದದ ಕೊಳವೆಗೆ ಎಂದು ಕೋವಿಯ ಮೈಮೇಲೆಯೇ ಬರೆದಿಟ್ಟದ್ದು. ಕೈಪಿಡಿಯಲ್ಲೂ ಗರಿಷ್ಠ ಉದ್ದ ಅದೇ, 2.222 ಇಂಚು, ಅಂದರೆ 56.44 ಮಿಲಿಮೀಟರ್. ಹಿತ್ತಾಳೆ ಕೊಳವೆಯನ್ನು ಪ್ರತಿ ಸಲ ಹೊಡೆದು, ಅಚ್ಚಿನಲ್ಲಿ ಒತ್ತಿದಾಗ ಲೋಹ ಮುಂದಕ್ಕೆ ಹರಿದು ಬಾಯಿಯ ಕಡೆ ಬೆಳೆಯುತ್ತದೆ. ರೊಟ್ಟಿ ಲಟ್ಟಿಸಿದ ಹಾಗೆ. ಉದ್ದವಾದದ್ದನ್ನು ಆಗಾಗ ಅಳೆದು ಹೆಚ್ಚಿನದನ್ನು ಹೆರೆದು ತೆಗೆಯಬೇಕು. ತೆಗೆಯದಿದ್ದರೆ ಒಂದು ದಿನ ಕೊಳವೆಯ ಬಾಯಿ ಚೇಂಬರು ಕಿರಿದಾಗುವ ಮೆಟ್ಟಿಲಿಗೆ ಹೋಗಿ ಒತ್ತಿಕೊಳ್ಳುತ್ತದೆ. ಆಗ ಬಾಯಿಗೆ ಹಿಗ್ಗಲು ಜಾಗವಿಲ್ಲ, ಅದು ಗುಂಡನ್ನು ಕಚ್ಚಿ ಹಿಡಿಯುತ್ತದೆ. ಮದ್ದು ಉರಿಯುತ್ತಿರುತ್ತದೆ, ಗುಂಡು ಬಿಡಿಸಿಕೊಳ್ಳಲು ಒದ್ದಾಡುತ್ತಿರುತ್ತದೆ, ಒತ್ತಡ ಏರುತ್ತದೆ. ಮದ್ದು ಸ್ವಲ್ಪ ಇಳಿಸಿದ ಮಾತ್ರಕ್ಕೆ ಈ ಹಿಡಿತ ಸಡಿಲುವುದಿಲ್ಲ.

‘ಹೆರೆದಿದೀರಾ ಭಾವ?’

ಆ ಕಡೆ ಸದ್ದಿಲ್ಲ. ಆಮೇಲೆ, ‘ಅದಕ್ಕೊಂದು ಸಾಮಾನು ತಗೊಂಡಿದೀನಿ. ಡಬ್ಬ ಬಿಚ್ಚಿಲ್ಲ.’

ಅವರ ಡಿಜಿಟಲ್ ವರ್ನಿಯರಿನ ದವಡೆಗಳನ್ನು ಒರೆಸಿ, ಮುಚ್ಚಿ, ಸೊನ್ನೆ ತೋರಿಸುತ್ತದೆಯೇ ನೋಡಿ ಎಂದೆ. ತೋರಿಸಿತು. ಮೊದಲು ಸುಮ್ಮನಿದ್ದ ಆರು ಕೊಳವೆ ಅಳೆದರು. 2.216ರಿಂದ 2.223ರ ಒಳಗೆ. ಆಮೇಲೆ ಕವರಿನ ನಾಲ್ಕು: 2.229, 2.231, 2.234, 2.236. ಓದುತ್ತ ಓದುತ್ತ ಅವರ ದನಿ ಇಳಿಯಿತು. ನಾಲ್ಕೂ ಒಂದೇ ಕಂಪನಿಯವು. ಆ ಹಿತ್ತಾಳೆ ಉಳಿದವಕ್ಕಿಂತ ಬೇಗ ಬೆಳೆಯುವ ಜಾತಿ. ಬೆರೆಸಿಟ್ಟಿದ್ದರಿಂದ ಅದು ಕಣ್ಣಿಗೆ ಬಿದ್ದಿರಲಿಲ್ಲ. ಇಂಚಿನ ಸಾವಿರದಲ್ಲಿ ಹತ್ತು ಪಾಲು ಎಂದರೆ ಕಾಲು ಮಿಲಿಮೀಟರ್, ಎರಡು ಮೂರು ಹಾಳೆಯ ದಪ್ಪ.

ಆದರೆ ಹೊಳೆಯುವ ಉಂಗುರದ ಮಾತು ಇನ್ನೂ ಬಾಕಿ ಇತ್ತು. ಅದು ನಾಲ್ಕರಲ್ಲಿ ಒಂದರ ಮೇಲಿತ್ತು, ಸುಮ್ಮನಿದ್ದ ಆರರಲ್ಲೂ ಒಂದರ ಮೇಲಿತ್ತು. ಹಾಗಾದರೆ ಅದು ಬೇರೆಯೇ ಕಾಯಿಲೆ. ತ್ರೀ ನಾಟ್ ತ್ರೀ ತೋಟೆಯ ಬುಡದಲ್ಲಿ ಅಂಚು ಇದೆ. ಆ ಅಂಚು ತಡೆದು ನಿಲ್ಲುವುದರಿಂದಲೇ ತೋಟೆ ಚೇಂಬರಿನಲ್ಲಿ ಸ್ಥಾನ ಹಿಡಿಯುವುದು. ಯುದ್ಧಭೂಮಿಯ ಕೆಸರು ಧೂಳಿನಲ್ಲೂ ತೋಟೆ ಒಳಹೋಗಬೇಕೆಂದು ಚೇಂಬರಿನ ಮುಂಭಾಗವನ್ನು ಸಡಿಲವಾಗಿಯೇ ಮಾಡುತ್ತಿದ್ದರು. ಹೊಡೆದಾಗ ಹಿತ್ತಾಳೆ ಆ ಸಡಿಲ ಜಾಗವನ್ನೆಲ್ಲ ತುಂಬಿಕೊಳ್ಳುತ್ತದೆ. ಭಾವ ಪ್ರತಿ ಸಲ ಅದನ್ನು ಅಚ್ಚಿನಲ್ಲಿ ಪೂರ್ತಿ ಒತ್ತಿ ಹೊಸ ತೋಟೆಯ ಅಳತೆಗೆ ಕುಗ್ಗಿಸುತ್ತಿದ್ದರು. ಮತ್ತೆ ಹೊಡೆದಾಗ ಮತ್ತೆ ಹಿಗ್ಗು. ಜೊತೆಗೆ ಲೀ ಎನ್‌ಫೀಲ್ಡಿನ ಬೋಲ್ಟು ಬೀಗ ಹಾಕಿಕೊಳ್ಳುವುದು ಹಿಂಬದಿಯಲ್ಲಿ, ಹಾಗಾಗಿ ನೂಕು ಬಿದ್ದಾಗ ಅದು ತುಸು ಹಿಂದಕ್ಕೆ ಜಗ್ಗುತ್ತದೆ. ಈ ಎಳೆದಾಟದಲ್ಲಿ ಬುಡದ ಹತ್ತಿರ ಹಿತ್ತಾಳೆ ಒಳಗಿನಿಂದ ತೆಳ್ಳಗಾಗುತ್ತ ಬರುತ್ತದೆ. ಹೊರಗೆ ಉಂಗುರ ಕಾಣುವ ಹೊತ್ತಿಗೆ ಒಳಗೆ ಕೊರಕಲು ಬಿದ್ದಿರುತ್ತದೆ. ಮುಂದೊಂದು ಹೊಡೆತಕ್ಕೆ ತೋಟೆ ಅಲ್ಲೇ ಎರಡು ತುಂಡಾಗಿ, ಬಿಸಿ ಅನಿಲ ಹಿಂದಕ್ಕೆ ನುಗ್ಗಬಹುದು. ಇದಕ್ಕೆ ಹೆಚ್ಚಿನ ಒತ್ತಡ ಬೇಕೇ ಇಲ್ಲ, ಸಾಧಾರಣ ಒತ್ತಡ ಸಾಕು.

ಚಪ್ಪಟೆ ಪ್ರೈಮರೂ ಹೀಗೇ ಎರಡು ನಾಲಗೆಯ ಸಾಕ್ಷಿ. ಒತ್ತಡ ಹೆಚ್ಚಾದರೆ ಪ್ರೈಮರ್ ಚಪ್ಪಟೆಯಾಗುವುದು ನಿಜ. ಅಂಚಿನ ಹಿಂದೆ ಜಾಗ ಹೆಚ್ಚಾಗಿದ್ದರೂ ಆಗುತ್ತದೆ. ಮೊದಲು ಪ್ರೈಮರ್ ಗೂಡಿನಿಂದ ಹಿಂದಕ್ಕೆ ಸರಿದು ಬೋಲ್ಟಿಗೆ ತಾಗುತ್ತದೆ, ಆಮೇಲೆ ತೋಟೆಯೇ ಹಿಂದಕ್ಕೆ ಬಂದು ಅದನ್ನು ಅಪ್ಪಳಿಸಿ ಚಪ್ಪಟೆ ಮಾಡುತ್ತದೆ. ಪ್ರೈಮರ್ ಒಂದನ್ನೇ ನೋಡಿ ತೀರ್ಪು ಕೊಟ್ಟರೆ ಅರ್ಧ ಸಲ ತಪ್ಪಾಗುತ್ತದೆ.

ಉಂಗುರಕ್ಕೆ ಒಂದು ಹಳೆಯ ಪರೀಕ್ಷೆ ಇದೆ. ಪೇಪರ್ ಕ್ಲಿಪ್ ನೇರ ಮಾಡಿ, ತುದಿಯನ್ನು ಚೂರು ಬಗ್ಗಿಸಿ, ಚೂಪು ಮಾಡಿ, ಖಾಲಿ ಕೊಳವೆಯೊಳಗೆ ಬುಡದವರೆಗೆ ಬಿಟ್ಟು ಗೋಡೆಗೆ ತಾಗಿಸಿ ಮೇಲಕ್ಕೆ ಎಳೆಯಬೇಕು. ಕೊರಕಲಿದ್ದರೆ ತಂತಿ ಅಲ್ಲಿ ಸಿಕ್ಕಿಕೊಳ್ಳುತ್ತದೆ. ಭಾವ ಅಳಿಯನನ್ನು ಕರೆದು ಅವನ ಕೈಗೆ ತಂತಿ ಕೊಟ್ಟರು. ಹುಡುಗ ಕಣ್ಣು ಮುಚ್ಚಿಕೊಂಡು ಎಳೆದ. ‘ಮಾಮ, ಇಲ್ಲಿ ಟಕ್ ಅಂತು.’ ಹೊರಗೆ ಉಂಗುರ ಕಾಣದ ಕೊಳವೆಗಳಲ್ಲೂ ಟಕ್ ಅಂದವು. ಮನೆಯಲ್ಲಿದ್ದ 20 ಖಾಲಿ ಕೊಳವೆಗಳಲ್ಲಿ ಏಳು ಹಾಗೆ ಸಿಕ್ಕವು. ಶನಿವಾರ ಅವನ ಕೆನ್ನೆಯ ಪಕ್ಕ ಇರಬೇಕಾಗಿದ್ದದ್ದು ಇಂಥವೇ. ಅಕ್ಕ ಹಿಂದೆ ನಿಂತು ನೋಡುತ್ತಿದ್ದಳು, ಏನೂ ಅನ್ನಲಿಲ್ಲ.

ಬಿಸಿಲಿನದು ಉಳಿಯಿತು. ಮದ್ದು ಬೆಚ್ಚಗಾದಷ್ಟೂ ವೇಗವಾಗಿ ಉರಿಯುತ್ತದೆ, ಒತ್ತಡ ಹೆಚ್ಚುತ್ತದೆ. ಇದು ಬ್ರಿಟಿಷರಿಗೆ ಭಾರತದಲ್ಲೇ ಚೆನ್ನಾಗಿ ಅರಿವಾದ ಪಾಠ. ತ್ರೀ ನಾಟ್ ತ್ರೀ 1888ರಲ್ಲಿ ಕಪ್ಪು ಮದ್ದಿನೊಂದಿಗೆ ಹುಟ್ಟಿ, ಬೇಗನೆ ಕಾರ್ಡೈಟಿಗೆ ಬದಲಾಯಿತು. ದಾರದಂತೆ ಎಳೆಯೆಳೆಯಾಗಿರುವ ಹೊಗೆಯಿಲ್ಲದ ಮದ್ದು ಅದು. ಊಟಿಯ ಪುಟಾಣಿ ರೈಲಿನಲ್ಲಿ ಕೂನೂರು ದಾಟಿದವರು ಅರುವಂಕಾಡು ಎಂಬ ನಿಲ್ದಾಣ ನೋಡಿರುತ್ತಾರೆ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಅಲ್ಲಿ ಶುರುವಾದ ಕಾರ್ಡೈಟ್ ಕಾರ್ಖಾನೆ ಇಂದಿಗೂ ಇದೆ. ಕಾರ್ಡೈಟ್ ನಮ್ಮ ಸೆಕೆಗೆ ಚುರುಕಾಗುತ್ತಿತ್ತು, ಖಾಲಿ ತೋಟೆ ಚೇಂಬರಿನಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಹುಲಿಯ ಮುಂದೆ ನಿಂತವನಿಗೆ ಅದು ಸಣ್ಣ ತೊಂದರೆಯಲ್ಲ. ಹೀಗಾಗಿ ಇಂಗ್ಲೆಂಡಿನ ತೋಟೆ ಕಂಪನಿಗಳು ಭಾರತ, ಆಫ್ರಿಕಾಗಳಿಗೆಂದು ಮದ್ದು ಕಡಿಮೆ ಹಾಕಿದ ತೋಟೆಗಳನ್ನೇ ಬೇರೆ ಮಾಡಿ ಮಾರುತ್ತಿದ್ದವು. ಭಾವನ ಈಗಿನ ಮದ್ದು ಕಾರ್ಡೈಟ್ ಅಲ್ಲ, ಆದರೂ ಕಾರಿನ ಡಿಕ್ಕಿಯಲ್ಲಿ ಕೈ ಸುಡುವಂತೆ ಕಾದ ತೋಟೆಯನ್ನು ಯಾವ ಕೈಪಿಡಿಯೂ ಲೆಕ್ಕಕ್ಕೆ ತೆಗೆದುಕೊಂಡಿರುವುದಿಲ್ಲ. ಆ ನಾಲ್ಕರಲ್ಲಿ ಬಿಸಿಲಿನ ಪಾಲೆಷ್ಟು ಎಂದು ಪತ್ತೆ ಮಾಡಬೇಕೆಂದರೆ ಕಾದ ತೋಟೆಯನ್ನು ಮತ್ತೆ ಹೊಡೆಯಬೇಕಿತ್ತು. ಅಂಥ ಪ್ರಯೋಗ ಬೇಡ, ನೆರಳಲ್ಲಿಟ್ಟರೆ ಸಾಕು ಎಂದು ತೀರ್ಮಾನಿಸಿದೆವು.

ಆಮೇಲೆ ನಡೆದದ್ದು ಬೇಸರದ ಕೆಲಸ. ತುಂಬಿಟ್ಟಿದ್ದ 46 ತೋಟೆಗಳನ್ನು ಭಾವ ಎರಡು ರಾತ್ರಿ ಕೂತು ಬಿಚ್ಚಿದರು. ಚಳಿಗಾಲದ ಶ್ರಮವೆಲ್ಲ ಮತ್ತೆ ಗುಂಡು ಒಂದು ಡಬ್ಬ, ಮದ್ದು ಒಂದು ಡಬ್ಬವಾಯಿತು. ಬಿಚ್ಚಿದ ಕೊಳವೆಗಳಿಗೂ ತಂತಿ ಬಿಟ್ಟು ನೋಡಿದರು. ಟಕ್ ಅಂದದ್ದನ್ನೆಲ್ಲ ಸುತ್ತಿಗೆಯಿಂದ ಜಜ್ಜಿ ಗುಜರಿಗೆ ಹಾಕಿದರು, ಯಾರೂ ಮತ್ತೆ ತುಂಬದಿರಲೆಂದು. ರೈಫಲನ್ನು ಅಲ್ಲಿನ ಕೋವಿ ರಿಪೇರಿಯವರ ಬಳಿ ಒಯ್ದು ಬೋಲ್ಟಿಗೂ ಅಂಚಿಗೂ ನಡುವಿನ ಜಾಗ ಗೇಜು ಹಾಕಿಸಿ ನೋಡಿದರು. ಹಳೆಯ ಸೇನಾ ಅಳತೆಯಲ್ಲಿ ಅದು 0.064 ಇಂಚಿನಿಂದ 0.074ರ ಒಳಗಿರಬೇಕು. ಮಿತಿಯೊಳಗೇ ಇತ್ತು, ಮೇಲಿನ ತುದಿಗೆ ಹತ್ತಿರ. ಹೊಸದಾಗಿ ಒಂದೇ ಕಂಪನಿಯ ಕೊಳವೆ ತರಿಸಿದರು. ಅಚ್ಚನ್ನು ಕತ್ತಿನ ಭಾಗ ಮಾತ್ರ ಒತ್ತುವಂತೆ ಕೂರಿಸಿದರು. ಬಿಚ್ಚದ ಡಬ್ಬ ಬಿಚ್ಚಿದರು. ಮದ್ದನ್ನು ಕೈಪಿಡಿಯ ಅತಿ ಕೆಳಗಿನ ಅಂಕಿಯಿಂದ ಮತ್ತೆ ಶುರು ಮಾಡಿದರು. ಒಂದು ವಹಿ ಇಟ್ಟರು. ಎಷ್ಟನೇ ಸಲ, ಎಷ್ಟು ಉದ್ದ, ಅವತ್ತಿನ ಬಿಸಿಲೆಷ್ಟು, ಬೋಲ್ಟು ಹೇಗಿತ್ತು. ವಹಿ ಬರೆಯುವುದು ಅಳಿಯನ ಪಾಲಿಗೆ ಬಂತು.

ಅಕ್ಟೋಬರಿನ ಒಂದು ತಂಪು ಬೆಳಿಗ್ಗೆ ಭಾವ ಮೊದಲು ತಾವೇ ಐದು ಹೊಡೆದು, ಐದನ್ನೂ ಅಳೆದು, ತಂತಿ ಬಿಟ್ಟು ನೋಡಿ, ಆಮೇಲೆ ಮಗನ ಕೈಗೆ ಕೊಟ್ಟರು. ಬೋಲ್ಟು ಎರಡು ಬೆರಳಿಗೆ ಎದ್ದಿತಂತೆ. ನನಗೆ ಬಂದದ್ದು ವಹಿಯ ಪುಟದ ಫೋಟೋ. ಇಂಗ್ಲಿಷ್ ಅಂಕಿಗಳ ಕೊನೆಯ ಅಂಕಣದಲ್ಲಿ, ಭಾನುವಾರದ ಕನ್ನಡ ಶಾಲೆಯಲ್ಲಿ ಕಲಿತ ಗುಂಡಗಿನ ಅಕ್ಷರದಲ್ಲಿ, ಐದು ಸಲ ‘ಸರಿ’ ಎಂದು ಬರೆದಿದ್ದ.

ಪೀಣ್ಯದಲ್ಲಿ ನಾವು ಕೊಡುವ ಪ್ರಮಾಣಪತ್ರದ ಮೇಲೆ ಒತ್ತಡದ ಅಂಕಿ ದಪ್ಪ ಅಕ್ಷರದಲ್ಲಿ ಇರುತ್ತದೆ. ಯಾವ ಸಾಧನ, ಎಷ್ಟು ಉಷ್ಣಾಂಶ, ಎಷ್ಟು ಅನಿಶ್ಚಿತತೆ ಎಂಬುದು ಕೆಳಗೆ ಸಣ್ಣ ಅಕ್ಷರದಲ್ಲಿ ಇರುತ್ತದೆ. ಗಿರಾಕಿಗಳು ದಪ್ಪದ್ದನ್ನು ಓದಿ ಫೈಲಿಗೆ ಹಾಕುತ್ತಾರೆ. ಭಾವನಂಥ ಎಚ್ಚರದ ಮನುಷ್ಯರೂ ಟನ್ನಿನ ಅಂಕಿಗೆ ಹೆದರಿ ರಾತ್ರಿಯೆಲ್ಲ ಗುಣಾಕಾರ ಮಾಡಿದರು. ಅದರ ಪಕ್ಕದಲ್ಲೇ, ಯಾರನ್ನೂ ಹೆದರಿಸದೆ, ಅರ್ಧ ಉತ್ತರ ಕೊರೆದಿಟ್ಟಿತ್ತು. ಇನ್ನರ್ಧವನ್ನು ಒಂದು ಪೇಪರ್ ಕ್ಲಿಪ್ ಹೇಳಿತು. ಈಗ ನಮ್ಮ ಲ್ಯಾಬಿಗೆ ಹೊಸದಾಗಿ ಸೇರಿದ ಹುಡುಗರಿಗೆ ಗೇಜು ಕೊಟ್ಟಾಗ ನಾನು ಮೊದಲು ಮುಳ್ಳು ನೋಡಲು ಬಿಡುವುದಿಲ್ಲ. ಡಯಲ್ಲಿನ ಮೇಲೆ ಇರುವುದನ್ನೆಲ್ಲ, ಕೆಳಗಿನ ಚಿಕ್ಕ ಅಕ್ಷರವನ್ನೂ ಬಿಡದೆ, ಗಟ್ಟಿಯಾಗಿ ಓದಿಸುತ್ತೇನೆ. ಅವರಿಗೆ ಅದು ಶಾಲೆಯ ಪಾಠದಂತೆ ಕಾಣುತ್ತದೆ, ಒಳಗೊಳಗೇ ನಗುತ್ತಾರೆ. ನಗಲಿ, ಓದಿದರೆ ಸಾಕು.